ಬಾಣದ ಮೇಲಿನ ಸಣ್ಣಕ್ಷರ: ದ್ವಿತೀಯ ಪಿಯುಸಿ ಕೆಮಿಸ್ಟ್ರಿಗೆ ಹಂತಹಂತದ ತಯಾರಿ

ಎಥನಾಲ್‌ಗೆ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್ ಸೇರಿಸಿ 443 ಕೆಲ್ವಿನ್‌ಗೆ ಕಾಯಿಸಿದರೆ ಈಥೀನ್ ಬರುತ್ತದೆ. ಅದೇ ಎಥನಾಲ್, ಅದೇ ಆಸಿಡ್, 413 ಕೆಲ್ವಿನ್‌ಗೆ ನಿಲ್ಲಿಸಿದರೆ ಬರುವುದು ಈಥರ್. ಮೂವತ್ತು ಡಿಗ್ರಿ ಆಚೀಚೆ ಆದರೆ ಪದಾರ್ಥವೇ ಬೇರೆ. ಉತ್ತರಪತ್ರಿಕೆಯಲ್ಲಿ ಬಾಣ ಮಾತ್ರ ಎಳೆದು, ಅದರ ಮೇಲೆ ಏನೂ ಬರೆಯದೆ, ಈಚೆ ಎಥನಾಲ್ ಆಚೆ ಈಥೀನ್ ಬರೆದಿಟ್ಟರೆ ತಿದ್ದುವವರು ಏನೆಂದುಕೊಳ್ಳಬೇಕು?

ನಾನು ಮಲೆನಾಡಿನ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಪ್ರತಿ ವರ್ಷ ಪ್ರಿಪರೇಟರಿ ಪೇಪರ್ ಕೊಟ್ಟ ದಿನ ಕಾರಿಡಾರಿನಲ್ಲಿ ಯಾರಾದರೊಬ್ಬರು ಅಡ್ಡ ನಿಲ್ಲುತ್ತಾರೆ. "ಸರ್, ಎಲ್ಲಾ ಓದಿದ್ದೆ, ಎಲ್ಲಾ ಬರ್ದಿದ್ದೆ. ಮಾರ್ಕ್ಸ್ ನಲವತ್ತೇ ಬಂದಿದ್ಯಲ್ಲ?" ಪೇಪರ್ ಇಸಿದುಕೊಂಡು ನೋಡಿದರೆ ಅವರ ಮಾತು ಸುಳ್ಳಲ್ಲ. ಉತ್ತರ ಇದೆ, ಯೂನಿಟ್ ಇಲ್ಲ. ರಿಯಾಕ್ಷನ್ ಇದೆ, ಕ್ಯಾಟಲಿಸ್ಟ್ ಇಲ್ಲ. ಸಮೀಕರಣ ಇದೆ, ಬ್ಯಾಲೆನ್ಸ್ ಆಗಿಲ್ಲ. ಅರ್ಧರ್ಧ ಅಂಕ ಹೀಗೆ ಸೋರಿ ಸೋರಿ ಹದಿನೈದು ಇಪ್ಪತ್ತು ಹೋಗಿರುತ್ತದೆ. ಈ ಸೋರಿಕೆ ನಿಲ್ಲಿಸುವುದನ್ನು ಲೆಕ್ಕದಲ್ಲಿಟ್ಟುಕೊಂಡೇ ಕೆಳಗಿನ ಹಂತಗಳನ್ನು ಬರೆದಿದ್ದೇನೆ.

ಹಂತ 1: ಮೊದಲು ಪ್ರಶ್ನೆಪತ್ರಿಕೆ, ಆಮೇಲೆ ಪುಸ್ತಕ

ಥಿಯರಿಗೆ 70 ಅಂಕ, ಪ್ರಾಕ್ಟಿಕಲ್‌ಗೆ 30. ಥಿಯರಿಯಲ್ಲಿ ಮೊದಲ ಭಾಗದ 20 ಅಂಕ ಒಂದೊಂದು ಅಂಕದ ಪ್ರಶ್ನೆಗಳಿಗೆ: 15 ಬಹುಆಯ್ಕೆ, 5 ಬಿಟ್ಟ ಸ್ಥಳ. ಬಿಟ್ಟ ಸ್ಥಳಕ್ಕೆ ಪದಗಳನ್ನು ಆವರಣದಲ್ಲಿ ಅವರೇ ಕೊಟ್ಟಿರುತ್ತಾರೆ, ಹುಡುಕಿ ಹಾಕಬೇಕು ಅಷ್ಟೇ. ಉಳಿದ ಭಾಗಗಳಲ್ಲಿ ಆಯ್ಕೆ ಇರುತ್ತದೆ, ಲೆಕ್ಕಗಳಿಗೆ ತಮ್ಮದೇ ಭಾಗ ಇರುತ್ತದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆ ಹಾಕುತ್ತದೆ. ನಿಮ್ಮ ವರ್ಷದ್ದನ್ನು ಪ್ರಿಂಟ್ ತೆಗೆಸಿ ಓದುವ ಮೇಜಿನ ಎದುರು ಅಂಟಿಸಿ. ಓದುವ ಪ್ರತಿ ಪುಟಕ್ಕೂ ಒಂದೇ ಪ್ರಶ್ನೆ: ಇದು ಆ ಪೇಪರಿನ ಯಾವ ಭಾಗಕ್ಕೆ ಬಂದೀತು?

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಬಹುದು. ಒಳ್ಳೆಯದೇ. ಆದರೆ "ಎರಡನೇದಿದೆಯಲ್ಲ ಸರ್" ಅಂತ ಮೊದಲನೆಯದನ್ನು ಸಡಿಲ ಬಿಟ್ಟವರು ಎರಡನೆಯದಕ್ಕೂ ಅದೇ ಸಡಿಲದಲ್ಲಿ ಕೂತಿದ್ದನ್ನು ನೋಡಿದ್ದೇನೆ. ಸಿಇಟಿ ಬರೆಯುವವರು ಇನ್ನೊಂದು ನೆನಪಿಡಬೇಕು: ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಗಳ ಪಾಲು ಅರ್ಧ.

ಪಠ್ಯ ಎನ್‌ಸಿಇಆರ್‌ಟಿಯದು, ಹತ್ತು ಅಧ್ಯಾಯ. ಸೊಲ್ಯೂಷನ್ಸ್, ಎಲೆಕ್ಟ್ರೋಕೆಮಿಸ್ಟ್ರಿ, ಕೆಮಿಕಲ್ ಕೈನೆಟಿಕ್ಸ್, ಡಿ ಮತ್ತು ಎಫ್ ಬ್ಲಾಕ್, ಕೋಆರ್ಡಿನೇಷನ್ ಕಾಂಪೌಂಡ್ಸ್ ಮೊದಲ ಭಾಗದಲ್ಲಿ. ಹ್ಯಾಲೋಆಲ್ಕೇನ್‌ನಿಂದ ಬಯೋಮಾಲಿಕ್ಯೂಲ್ಸ್‌ವರೆಗೆ ಐದು ಎರಡನೆಯ ಭಾಗದಲ್ಲಿ. ಅಣ್ಣನದೋ ಅಕ್ಕನದೋ ಹಳೆಯ ನೋಟ್ಸ್ ಇಟ್ಟುಕೊಂಡು ಓದುವವರೇ, ಹುಷಾರು. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಮೆಟಲರ್ಜಿ, ಪಿ-ಬ್ಲಾಕ್, ಪಾಲಿಮರ್ ಇವೆಲ್ಲ ಪುಸ್ತಕದಿಂದ ಹೋಗಿವೆ. ಕಳೆದ ವರ್ಷ ಒಬ್ಬಳು ಕ್ಸೆನಾನ್ ಫ್ಲೋರೈಡ್‌ಗಳ ಆಕಾರ ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ಪಾಪ.

ಹಂತ 2: ಎರಡು ನೋಟ್‌ಬುಕ್

ನೂರು ಪುಟದ ಎರಡು ನೋಟ್‌ಬುಕ್ ಸಾಕು. ಒಂದಕ್ಕೆ ಬಾಣದ ಪುಸ್ತಕ ಅಂತ ಹೆಸರಿಡಿ. ಅದರಲ್ಲಿ ವಿವರಣೆ ಇರಕೂಡದು, ಬರೀ ರಿಯಾಕ್ಷನ್‌ಗಳು. ಬಾಣವನ್ನು ಉದ್ದಕ್ಕೆ, ಪುಟದ ಮೂರನೇ ಒಂದು ಭಾಗದಷ್ಟು ಎಳೆಯಿರಿ. ಮೇಲೆ ರೀಏಜೆಂಟ್, ಕೆಳಗೆ ಉಷ್ಣತೆ ಅಥವಾ ಸಾಲ್ವೆಂಟ್. ಬಾಣ ಉದ್ದ ಇದ್ದರೆ ಖಾಲಿ ಜಾಗ ಕಣ್ಣಿಗೆ ಕುಕ್ಕುತ್ತದೆ, ಏನೋ ಬಿಟ್ಟೆ ಅನ್ನಿಸುತ್ತದೆ. ಸಣ್ಣ ಬಾಣ ಎಳೆಯುವವರಿಗೆ ಹಾಗೆ ಅನ್ನಿಸುವುದೇ ಇಲ್ಲ.

ಇನ್ನೊಂದು ತಪ್ಪಿನ ಪುಸ್ತಕ. ಟೆಸ್ಟ್‌ನಲ್ಲಿ, ಹೋಮ್‌ವರ್ಕ್‌ನಲ್ಲಿ, ಪ್ರಿಪರೇಟರಿಯಲ್ಲಿ ಕಳೆದುಕೊಂಡ ಪ್ರತಿ ಅರ್ಧ ಅಂಕಕ್ಕೂ ಒಂದು ಸಾಲು. "ಕೆಲ್ವಿನ್‌ಗೆ ಬದಲಿಸಲಿಲ್ಲ." "ಆಲ್ಕೊಹಾಲಿಕ್ ಅಂತ ಬರೆಯಲಿಲ್ಲ." ಎರಡು ತಿಂಗಳಾದ ಮೇಲೆ ತಿರುವಿ ನೋಡಿ. ಹೆಚ್ಚಿನವರ ಪುಸ್ತಕದಲ್ಲಿ ಅವೇ ನಾಲ್ಕೈದು ತಪ್ಪು ವೇಷ ಬದಲಿಸಿಕೊಂಡು ಬಂದಿರುತ್ತವೆ.

ಹಂತ 3: ಯಾವ ಅಧ್ಯಾಯ ಯಾವಾಗ

ಪರೀಕ್ಷೆ-1 ಮಾರ್ಚ್ ಹೊತ್ತಿಗೆ ಅಂತಿಟ್ಟುಕೊಳ್ಳಿ. ಡಿಸೆಂಬರ್ ಶುರುವಿನಲ್ಲಿ ಕೂತರೆ ಹನ್ನೆರಡು ವಾರ ಸಿಗುತ್ತದೆ. ನಡುವೆ ಪ್ರಾಕ್ಟಿಕಲ್, ಪ್ರಿಪರೇಟರಿ, ಊರ ಜಾತ್ರೆ, ಅಕ್ಕನ ಮದುವೆ ಎಲ್ಲ ಕಳೆದರೆ ಕೈಗೆ ಉಳಿಯುವುದು ಎಂಟು ವಾರ.

ಪುಸ್ತಕದ ಕ್ರಮದಲ್ಲೇ ಓದಬೇಕು ಅಂತೇನಿಲ್ಲ. ನಾನು ಹೇಳುವುದು ಕೈನೆಟಿಕ್ಸ್‌ನಿಂದ ಶುರು ಮಾಡಿ ಅಂತ. ಸೂತ್ರ ಕಡಿಮೆ, ಲೆಕ್ಕ ನೇರ, ನಾಲ್ಕು ದಿನದಲ್ಲಿ "ಇದು ಬರುತ್ತದೆ" ಅನ್ನುವ ಧೈರ್ಯ ಬರುತ್ತದೆ. ಆಮೇಲೆ ಎಲೆಕ್ಟ್ರೋಕೆಮಿಸ್ಟ್ರಿ, ಸೊಲ್ಯೂಷನ್ಸ್. ಆರ್ಗ್ಯಾನಿಕ್‌ನ ನಾಲ್ಕು ಅಧ್ಯಾಯ (ಹ್ಯಾಲೋಆಲ್ಕೇನ್, ಆಲ್ಕೊಹಾಲ್, ಆಲ್ಡಿಹೈಡ್, ಅಮೀನ್) ಒಂದೇ ಸರಪಳಿ. ಅದನ್ನು ನಡುವೆ ಕಡಿಯಬೇಡಿ, ಮೂರು ವಾರ ಬಿಡದೆ ಮುಗಿಸಿ. ಡಿ-ಬ್ಲಾಕ್ ಮತ್ತು ಕೋಆರ್ಡಿನೇಷನ್ ಅನ್ನು ಬೇರೆ ವಿಷಯಗಳ ಓದಿನ ಮಧ್ಯೆ ಒಂದೊಂದು ಗಂಟೆ ಇಡಿ, ಅವು ಪದೇ ಪದೇ ನೋಡಿದಷ್ಟೂ ಅಂಟುವ ಸ್ವಭಾವದವು. ಬಯೋಮಾಲಿಕ್ಯೂಲ್ಸ್ ಕೊನೆಗೆ. ಕೊನೆಗೆ ಅಂದರೆ ಬಿಟ್ಟುಬಿಡಿ ಅಂತಲ್ಲ. ಗ್ಲೂಕೋಸ್‌ನ ನಾಲ್ಕು ರಿಯಾಕ್ಷನ್‌ಗಳಲ್ಲಿ ಯಾವುದು ಏನನ್ನು ಸಾಧಿಸುತ್ತದೆ (ಹೈಡ್ರೊಅಯೊಡಿಕ್ ಆಸಿಡ್ ಆರು ಕಾರ್ಬನ್ನಿನ ನೇರ ಸರಪಳಿಯನ್ನು, ಬ್ರೋಮಿನ್ ವಾಟರ್ ಆಲ್ಡಿಹೈಡ್ ಗುಂಪನ್ನು, ಅಸಿಟಿಕ್ ಅನ್‌ಹೈಡ್ರೈಡ್ ಐದು ಹೈಡ್ರಾಕ್ಸಿಲ್‌ಗಳನ್ನು, ನೈಟ್ರಿಕ್ ಆಸಿಡ್ ಪ್ರೈಮರಿ ಆಲ್ಕೊಹಾಲನ್ನು) ಅಂತ ಒಂದು ಸಂಜೆ ಕೂತರೆ ಕೈಗೆ ಬರುವ ಅಂಕ ಅದು.

ಹಂತ 4: ಲೆಕ್ಕ, ಮತ್ತು ಲಾಗ್ ಟೇಬಲ್

ಮನೆಯಲ್ಲಿ ಎಲ್ಲರೂ ಸೈಂಟಿಫಿಕ್ ಕ್ಯಾಲ್ಕುಲೇಟರ್ ಅಥವಾ ಮೊಬೈಲ್ ಒತ್ತಿ ಲೆಕ್ಕ ಮಾಡುತ್ತಾರೆ. ನಮ್ಮ ಬೋರ್ಡಿನ ಪರೀಕ್ಷೆಗೆ ಅದು ನಡೆಯುವುದಿಲ್ಲ. ಲಾಗ್ ಟೇಬಲ್, ಸಾದಾ ಕ್ಯಾಲ್ಕುಲೇಟರ್ ಅಷ್ಟೇ. ಪರೀಕ್ಷಾ ಕೊಠಡಿಯಲ್ಲಿ ಮೊದಲ ಸಲ ಲಾಗ್ ಟೇಬಲ್ ಬಿಡಿಸಿದವರು ಬೆವರುತ್ತಾರೆ. ಹಾಗಾಗಿ ಈವತ್ತಿನಿಂದಲೇ ಮೊಬೈಲ್ ದೂರ ಇಟ್ಟು ಟೇಬಲ್‌ನಲ್ಲೇ ಮಾಡಿ. ಜತೆಗೆ ನಾಲ್ಕು ಸಂಖ್ಯೆ ಬಾಯಿಗೆ ಬರಲಿ: 2ರ ಲಾಗ್ 0.3010, 3ರದ್ದು 0.4771, 5ರದ್ದು 0.6990, 7ರದ್ದು 0.8451. ಪಿಯುಸಿ ಲೆಕ್ಕಗಳಲ್ಲಿ ಅರ್ಧಕ್ಕರ್ಧ ಇವುಗಳಲ್ಲೇ ಮುಗಿಯುತ್ತವೆ.

ಒಂದು ಲೆಕ್ಕ ಹತ್ತಿರದಿಂದ ನೋಡೋಣ. ಒಂದು ಫಸ್ಟ್ ಆರ್ಡರ್ ರಿಯಾಕ್ಷನ್ 50 ನಿಮಿಷದಲ್ಲಿ ಶೇ 20ರಷ್ಟು ಮುಗಿಯುತ್ತದೆ, ಹಾಫ್ ಲೈಫ್ ಎಷ್ಟು? ಸೂತ್ರ ಎಲ್ಲರಿಗೂ ಗೊತ್ತು: ರೇಟ್ ಕಾನ್‌ಸ್ಟೆಂಟ್ ಅಂದರೆ 2.303ನ್ನು ಸಮಯದಿಂದ ಭಾಗಿಸಿ, ಮೊದಲಿದ್ದದ್ದಕ್ಕೂ ಈಗ ಉಳಿದದ್ದಕ್ಕೂ ಇರುವ ಅನುಪಾತದ ಲಾಗ್‌ನಿಂದ ಗುಣಿಸಬೇಕು. ತಪ್ಪುವುದು "ಉಳಿದದ್ದು" ಅನ್ನುವಲ್ಲಿ. ಶೇ 20 ಮುಗಿದಿದೆ, ಉಳಿದದ್ದು 80. ಆದ್ದರಿಂದ 100 ÷ 80 = 1.25, ಅದರ ಲಾಗ್ 0.0969. 2.303 ÷ 50 × 0.0969 = 0.00446, ಯೂನಿಟ್ ನಿಮಿಷದ ಮೇಲೆ ಮೈನಸ್ ಒಂದು. 0.693ನ್ನು ಇದರಿಂದ ಭಾಗಿಸಿದರೆ 155 ನಿಮಿಷ ಚಿಲ್ಲರೆ.

ಅವಸರದಲ್ಲಿ 80ರ ಬದಲು 20 ಹಾಕಿದವರಿಗೆ ಲಾಗ್ 0.6990, ಹಾಫ್ ಲೈಫ್ ಇಪ್ಪತ್ತೊಂದೂವರೆ ನಿಮಿಷ ಬರುತ್ತದೆ. ಇಲ್ಲಿ ಒಂದು ಕ್ಷಣ ಪೆನ್ನು ನಿಲ್ಲಿಸಿ. ಶೇ 20 ಮುಗಿಯುವುದಕ್ಕೇ 50 ನಿಮಿಷ ಬೇಕಾದ ರಿಯಾಕ್ಷನ್, ಅರ್ಧ ಮುಗಿಯಲು ಇಪ್ಪತ್ತೊಂದೇ ನಿಮಿಷ ತೆಗೆದುಕೊಳ್ಳುವುದುಂಟೇ? ಉತ್ತರ ಬರೆದ ಮೇಲೆ ಹೀಗೆ ಒಮ್ಮೆ ತಲೆಗೆ ಹಚ್ಚಿ ನೋಡುವ ಅಭ್ಯಾಸಕ್ಕೆ ಐದು ಸೆಕೆಂಡ್ ಸಾಕು, ಮೂರು ಅಂಕ ಉಳಿಯುತ್ತದೆ.

ನರ್ನ್‌ಸ್ಟ್ ಸಮೀಕರಣದ ಗುಂಡಿ ಬೇರೆ ಕಡೆ ಇದೆ. ತಾಮ್ರ–ಬೆಳ್ಳಿಯ ಸೆಲ್ ತೆಗೆದುಕೊಳ್ಳಿ, ಸ್ಟ್ಯಾಂಡರ್ಡ್ ಇಎಂಎಫ್ 0.46 ವೋಲ್ಟ್. ತಾಮ್ರದ ಅಯಾನ್ 0.1 ಮೋಲಾರ್, ಬೆಳ್ಳಿಯದು 0.01. ಒಂದು ತಾಮ್ರಕ್ಕೆ ಎರಡು ಬೆಳ್ಳಿ ಅಯಾನ್ ಬೇಕು, ಹಾಗಾಗಿ ಬೆಳ್ಳಿಯ ಸಾಂದ್ರತೆಯನ್ನು ವರ್ಗ ಮಾಡಬೇಕು: 0.1 ÷ 0.0001 = 1000, ಲಾಗ್ 3. 0.46ರಲ್ಲಿ 0.0591 ÷ 2 × 3 ಕಳೆದರೆ 0.37 ವೋಲ್ಟ್. ವರ್ಗ ಮರೆತವರಿಗೆ 0.43. ಎರಡೂ ಸಂಖ್ಯೆ ನೋಡಲು ಸಭ್ಯವಾಗಿಯೇ ಇವೆ, ಇಲ್ಲಿ ತಲೆಗೆ ಹಚ್ಚಿ ನೋಡಿದರೂ ತಪ್ಪು ಸಿಗುವುದಿಲ್ಲ. ಅದಕ್ಕೇ ಸೆಲ್ ರಿಯಾಕ್ಷನ್ ಅನ್ನು ಮೊದಲು ಬ್ಯಾಲೆನ್ಸ್ ಮಾಡಿ ಬರೆದು, ಆಮೇಲೇ ಸೂತ್ರಕ್ಕೆ ಕೈ ಹಾಕಿ. ಆ ಸಾಲು ಉತ್ತರಪತ್ರಿಕೆಯಲ್ಲಿ ಇರಲಿ, ಮನಸ್ಸಿನಲ್ಲಿ ಇದ್ದರೆ ಸಾಲದು.

ಅರೀನಿಯಸ್ ಲೆಕ್ಕದಲ್ಲಿ ಉಷ್ಣತೆ ಸೆಲ್ಸಿಯಸ್‌ನಲ್ಲಿ ಉಳಿದುಬಿಡುತ್ತದೆ. ವ್ಯತ್ಯಾಸ ತೆಗೆದರೆ ಎರಡರಲ್ಲೂ ಒಂದೇ, ಅದಕ್ಕೇ ಗೊತ್ತಾಗುವುದಿಲ್ಲ. ಛೇದದಲ್ಲಿರುವ ಗುಣಲಬ್ಧ ಮಾತ್ರ ಪೂರ್ತಿ ಕೆಟ್ಟಿರುತ್ತದೆ. ಗ್ಯಾಸ್ ಕಾನ್‌ಸ್ಟೆಂಟ್ 8.314 ಹಾಕಿದರೆ ಉತ್ತರ ಜೂಲ್‌ನಲ್ಲಿ ಬರುತ್ತದೆ, ಕಿಲೋಜೂಲ್ ಬೇಕಿದ್ದರೆ ಸಾವಿರದಿಂದ ಭಾಗಿಸಿ. ಸೊಲ್ಯೂಷನ್ಸ್‌ನಲ್ಲಿ ಸಾಲ್ವೆಂಟ್‌ನ ತೂಕ ಗ್ರಾಂ ಇದೆಯೋ ಕಿಲೋಗ್ರಾಂ ಇದೆಯೋ ನೋಡಿ. ಉಪ್ಪಿನಂಥದ್ದು ಕರಗಿದ್ದರೆ ವ್ಯಾಂಟ್ ಹಾಫ್ ಫ್ಯಾಕ್ಟರ್ ಮರೆಯಬೇಡಿ. ಆಸ್ಮಾಸಿಸ್ ಬಗ್ಗೆ ನಾನು ಉದ್ದ ಹೇಳುವುದಿಲ್ಲ. ಅಪ್ಪೆಮಿಡಿಗೆ ಉಪ್ಪು ಹಾಕಿಟ್ಟ ಭರಣಿಯಲ್ಲಿ ಮಿಡಿ ಸುಕ್ಕಾಗಿ ನೀರು ಬಿಟ್ಟದ್ದನ್ನು ನೋಡಿದವರಿಗೆ ನೀರು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಅಂತ ಪುಸ್ತಕ ಹೇಳಬೇಕಿಲ್ಲ.

ದಿನಕ್ಕೆ ಮೂರು ಲೆಕ್ಕ, ಬಿಡದೆ. ಭಾನುವಾರ ಒಂದೇ ದಿನ ಇಪ್ಪತ್ತು ಮಾಡಿ ಉಳಿದ ವಾರ ಮುಟ್ಟದವರಿಗಿಂತ ಇವರ ಕೈ ಚುರುಕಾಗಿರುತ್ತದೆ.

ಹಂತ 5: ಡಿ-ಬ್ಲಾಕ್, ಕೋಆರ್ಡಿನೇಷನ್

ನಮ್ಮ ಕಡೆ ಮಳೆಗಾಲ ಬಂತೆಂದರೆ ಅಡಿಕೆಗೆ ಕೊಳೆ ರೋಗದ ಔಷಧಿ. ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇದು ಶೇ 1ರ ಬೋರ್ಡೋ ದ್ರಾವಣ. ಹದ ಸರಿಯಿದೆಯೋ ಅಂತ ನೋಡಲು ತಿಕ್ಕಿದ ಕಬ್ಬಿಣದ ಚಾಕು ಅದ್ದುತ್ತಾರೆ. ಚಾಕುವಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುರಿಯಬೇಕು. ಇದು ಅಪ್ಪಟ ಎಲೆಕ್ಟ್ರೋಕೆಮಿಸ್ಟ್ರಿ. ಕಬ್ಬಿಣದ ಸ್ಟ್ಯಾಂಡರ್ಡ್ ಪೊಟೆನ್ಷಿಯಲ್ ಮೈನಸ್ 0.44 ವೋಲ್ಟ್, ತಾಮ್ರದ್ದು ಪ್ಲಸ್ 0.34. ದ್ರಾವಣದಲ್ಲಿ ಬಿಡುವಾಗಿ ಉಳಿದ ತಾಮ್ರದ ಅಯಾನ್ ಕಬ್ಬಿಣದ ಎಲೆಕ್ಟ್ರಾನ್ ಕಸಿದುಕೊಂಡು ಲೋಹವಾಗಿ ಕೂರುತ್ತದೆ. ತೋಟದ ಮನೆಯ ಹುಡುಗರಿಗೆ ಇದನ್ನು ಹೇಳಿದರೆ ಆ ಪಟ್ಟಿಯಲ್ಲಿ ಎರಡು ಸಾಲು ಶಾಶ್ವತವಾಗಿ ನೆನಪುಳಿಯುತ್ತದೆ.

ಅದೇ ಮೈಲುತುತ್ತ ಕೋಆರ್ಡಿನೇಷನ್ ಅಧ್ಯಾಯಕ್ಕೂ ಬರುತ್ತದೆ. ನೀಲಿ ಹರಳನ್ನು ಕಾಯಿಸಿ ನೀರು ತೆಗೆದರೆ ಪುಡಿ ಬೆಳ್ಳಗಾಗುತ್ತದೆ. ಯಾಕೆ? ಲಿಗ್ಯಾಂಡ್ ಆಗಿದ್ದ ನೀರು ಹೋಯಿತು, ಲಿಗ್ಯಾಂಡ್ ಇಲ್ಲದೆ ಡಿ-ಆರ್ಬಿಟಲ್‌ಗಳು ಒಡೆಯುವುದಿಲ್ಲ, ಒಡೆಯದಿದ್ದರೆ ಬಣ್ಣವಿಲ್ಲ. ಎರಡಂಕದ ಉತ್ತರ ಈ ಮೂರು ತುಂಡುಗಳಲ್ಲಿದೆ. "ನೀರು ಹೋದ್ದರಿಂದ" ಅಂತ ಒಂದೇ ಬರೆದರೆ ಅರ್ಧ ದಾರಿಯಲ್ಲಿ ಇಳಿದ ಹಾಗೆ.

ಡಿ-ಬ್ಲಾಕ್‌ನ ಹೆಚ್ಚಿನ ಪ್ರಶ್ನೆಗಳು "ಕಾರಣ ಕೊಡಿ" ಜಾತಿಯವು. ಇವಕ್ಕೆ ಮೂಲ ಮೂರೋ ನಾಲ್ಕೋ ಕಾರಣ ಮಾತ್ರ ಇದೆ: ಡಿ-ಆರ್ಬಿಟಲ್ ಅಪೂರ್ಣ, ಡಿ ಮತ್ತು ಹೊರಗಿನ ಎಸ್ ಶಕ್ತಿಯಲ್ಲಿ ಹತ್ತಿರ, ಅರ್ಧ ತುಂಬಿದ ಅಥವಾ ಪೂರ್ತಿ ತುಂಬಿದ ಸ್ಥಿತಿಗೆ ಹೆಚ್ಚು ಸ್ಥಿರತೆ, ಲ್ಯಾಂಥನಾಯ್ಡ್ ಕಾಂಟ್ರಾಕ್ಷನ್. ಜಿರ್ಕೋನಿಯಮ್–ಹಾಫ್ನಿಯಮ್ ಗಾತ್ರ ಯಾಕೆ ಹೆಚ್ಚುಕಮ್ಮಿ ಒಂದೇ, ಸತುವನ್ನು ಯಾಕೆ ಟ್ರಾನ್ಸಿಷನ್ ಎಲಿಮೆಂಟ್ ಅನ್ನುವುದಿಲ್ಲ, ಇವೆಲ್ಲ ಈ ಬುಟ್ಟಿಗಳಿಗೇ ಬೀಳುತ್ತವೆ. ಪೊಟ್ಯಾಸಿಯಮ್ ಪರ್ಮಾಂಗನೇಟ್, ಡೈಕ್ರೊಮೇಟ್ ತಯಾರಿಕೆಯನ್ನು ಬಣ್ಣದಲ್ಲಿ ನೆನಪಿಡಿ. ಕಪ್ಪು ಪೈರೊಲುಸೈಟ್, ಹಸಿರು ಮ್ಯಾಂಗನೇಟ್, ನೇರಳೆ ಪರ್ಮಾಂಗನೇಟ್. ಕ್ರೊಮೈಟ್ ಅದಿರು, ಹಳದಿ ಕ್ರೊಮೇಟ್, ಕಿತ್ತಳೆ ಡೈಕ್ರೊಮೇಟ್.

ವೇಲೆನ್ಸ್ ಬಾಂಡ್ ಥಿಯರಿಯ ಉತ್ತರಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ. ಲೋಹದ ಆಕ್ಸಿಡೇಷನ್ ಸಂಖ್ಯೆ, ಎಲೆಕ್ಟ್ರಾನ್ ವಿನ್ಯಾಸ, ಪೆಟ್ಟಿಗೆ ಚಿತ್ರ, ಹೈಬ್ರಿಡೈಸೇಷನ್, ಆಕಾರ, ಕಾಂತಗುಣ. ನಿಕೆಲ್‌ಗೆ ನಾಲ್ಕು ಕ್ಲೋರೈಡ್ ಸೇರಿದರೆ ಟೆಟ್ರಾಹೆಡ್ರಲ್, ಪ್ಯಾರಾಮ್ಯಾಗ್ನೆಟಿಕ್. ನಾಲ್ಕು ಸೈನೈಡ್ ಸೇರಿದರೆ ಸ್ಕ್ವೇರ್ ಪ್ಲೇನಾರ್, ಡಯಾಮ್ಯಾಗ್ನೆಟಿಕ್. ಈ ಜೋಡಿಯನ್ನು ಪೆಟ್ಟಿಗೆ ಎಳೆದು ನಾಲ್ಕು ಸಲ ಬರೆದರೆ ಉಳಿದದ್ದಕ್ಕೆ ದಾರಿ ಸಿಗುತ್ತದೆ. ಪೆಟ್ಟಿಗೆ ಬಿಡಬೇಡಿ, ಅಂಕ ಅದರೊಳಗೂ ಇದೆ.

ಹಂತ 6: ಆರ್ಗ್ಯಾನಿಕ್

ಹುಡುಗರಿಗೆ ಹೆದರಿಕೆ ಇರುವುದು ಇಲ್ಲಿ. ಹೆಸರುಗಳ ರಾಶಿ ನೋಡಿ ಗಾಬರಿ: ಸ್ಯಾಂಡ್‌ಮೇಯರ್, ರೋಸೆನ್‌ಮುಂಡ್, ಕ್ಲೆಮೆನ್ಸನ್, ರೈಮರ್–ಟೀಮನ್. ಹೆಸರಿನಿಂದ ರಿಯಾಕ್ಷನ್‌ಗೆ ಹೋಗಬೇಡಿ. ಬಾಣದ ಮೇಲಿನದರಿಂದ ಹೋಗಿ.

ಬಾಣದ ಪುಸ್ತಕದಲ್ಲಿ ಜೋಡಿಗಳನ್ನು ಅಕ್ಕಪಕ್ಕ ಬರೆಯಿರಿ, ಒಂದೇ ಪದಾರ್ಥ, ಬಾಣದ ಮೇಲೆ ಒಂದು ಮಾತು ವ್ಯತ್ಯಾಸ. ಅಲ್ಕೈಲ್ ಹ್ಯಾಲೈಡ್‌ಗೆ ಅಕ್ವಿಯಸ್ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹಾಕಿದರೆ ಆಲ್ಕೊಹಾಲ್, ಆಲ್ಕೊಹಾಲಿಕ್ ಹಾಕಿದರೆ ಆಲ್ಕೀನ್. ಪೊಟ್ಯಾಸಿಯಮ್ ಸೈನೈಡ್ ಹಾಕಿದರೆ ಸೈನೈಡ್, ಸಿಲ್ವರ್ ಸೈನೈಡ್ ಹಾಕಿದರೆ ಐಸೊಸೈನೈಡ್. ಫೀನಾಲ್‌ಗೆ ಬ್ರೋಮಿನ್ ವಾಟರ್ ಹಾಕಿದರೆ ಟ್ರೈಬ್ರೋಮೊಫೀನಾಲ್‌ನ ಬಿಳಿ ಗಸಿ. ಅದೇ ಬ್ರೋಮಿನ್ ಅನ್ನು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ ತಣ್ಣಗೆ ಹಾಕಿದರೆ ಒಂದೇ ಬ್ರೋಮಿನ್ ಕೂರುತ್ತದೆ. ಡೈಲ್ಯೂಟ್ ನೈಟ್ರಿಕ್ ಆಸಿಡ್‌ಗೆ ಆರ್ಥೊ, ಪ್ಯಾರಾ ನೈಟ್ರೊಫೀನಾಲ್, ಕಾನ್ಸಂಟ್ರೇಟೆಡ್‌ಗೆ ಪಿಕ್ರಿಕ್ ಆಸಿಡ್. ಬಹುಆಯ್ಕೆ ಪ್ರಶ್ನೆ ಹೆಣೆಯುವವರಿಗೆ ಈ ಜೋಡಿಗಳೆಂದರೆ ಹಬ್ಬ.

ಹೆಸರಿನ ರಿಯಾಕ್ಷನ್‌ಗಳಲ್ಲೂ ಹಾಗೇ ಕೇಳಿಕೊಳ್ಳಿ: ಯಾಕೆ ಇಲ್ಲಿ ಇದೇ? ಆಲ್ಡಾಲ್ ಮತ್ತು ಕ್ಯಾನಿಜಾರೊ ಎರಡಕ್ಕೂ ಬೇಸ್ ಬೇಕು. ಆಲ್ಫಾ ಹೈಡ್ರೋಜನ್ ಇರುವ ಅಸಿಟಾಲ್ಡಿಹೈಡ್ ಡೈಲ್ಯೂಟ್ ಬೇಸ್‌ನಲ್ಲಿ ಆಲ್ಡಾಲ್ ದಾರಿ ಹಿಡಿಯುತ್ತದೆ, ಅದು ಇಲ್ಲದ ಫಾರ್ಮಾಲ್ಡಿಹೈಡ್ ಕಾನ್ಸಂಟ್ರೇಟೆಡ್ ಬೇಸ್‌ನಲ್ಲಿ ಕ್ಯಾನಿಜಾರೊ. ಕ್ಲೆಮೆನ್ಸನ್ ಮತ್ತು ವುಲ್ಫ್–ಕಿಶ್ನರ್ ಎರಡೂ ಕಾರ್ಬೊನಿಲ್ ಗುಂಪನ್ನು ಮೆಥಿಲೀನ್ ಮಾಡುತ್ತವೆ. ಒಂದು ಆಸಿಡ್‌ನಲ್ಲಿ, ಸತು–ಪಾದರಸದ ಅಮಾಲ್ಗಮ್ ಜತೆ. ಇನ್ನೊಂದು ಬೇಸ್‌ನಲ್ಲಿ, ಹೈಡ್ರಜೀನ್ ಜತೆ.

ಕನ್‌ವರ್ಷನ್‌ಗೆ ಒಂದು ಉಪಾಯ. ಡಯಜೋನಿಯಮ್ ಸಾಲ್ಟ್ ಅಂದರೆ ಶಿವಮೊಗ್ಗ ಬಸ್ ಸ್ಟ್ಯಾಂಡ್ ಇದ್ದ ಹಾಗೆ, ಅಲ್ಲಿಗೆ ಮುಟ್ಟಿದರೆ ಎಲ್ಲಿಗೂ ಬಸ್ಸಿದೆ. ಬೆಂಜೀನ್‌ನಿಂದ ಹೊರಟು ಕಾನ್ಸಂಟ್ರೇಟೆಡ್ ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಸಿಡ್ ಮಿಶ್ರಣದಲ್ಲಿ ನೈಟ್ರೊಬೆಂಜೀನ್, ತವರ ಅಥವಾ ಕಬ್ಬಿಣ ಮತ್ತು ಹೈಡ್ರೊಕ್ಲೋರಿಕ್ ಆಸಿಡ್‌ನಲ್ಲಿ ಅನಿಲೀನ್, ಸೋಡಿಯಂ ನೈಟ್ರೈಟ್ ಮತ್ತು ಹೈಡ್ರೊಕ್ಲೋರಿಕ್ ಆಸಿಡ್ ಸೇರಿಸಿ 273–278 ಕೆಲ್ವಿನ್‌ನಲ್ಲಿ ಡಯಜೋನಿಯಮ್. ಅಲ್ಲಿಂದ ಕ್ಯುಪ್ರಸ್ ಕ್ಲೋರೈಡ್ ಹಿಡಿದರೆ ಕ್ಲೋರೊಬೆಂಜೀನ್, ಪೊಟ್ಯಾಸಿಯಮ್ ಅಯೊಡೈಡ್ ಹಿಡಿದರೆ ಅಯೊಡೊಬೆಂಜೀನ್, ನೀರಿನಲ್ಲಿ ಬೆಚ್ಚಗೆ ಮಾಡಿದರೆ ಫೀನಾಲ್, ಹೈಪೊಫಾಸ್ಫರಸ್ ಆಸಿಡ್ ಹಿಡಿದರೆ ಹೊರಟ ಊರಿಗೇ, ಬೆಂಜೀನ್‌ಗೆ ವಾಪಸ್. 273–278 ಅನ್ನುವ ಸಂಖ್ಯೆಯನ್ನು ಬಾಣದ ಕೆಳಗೆ ಬರೆಯಲೇಬೇಕು. ಬಿಸಿಯಾದರೆ ಆ ಸಾಲ್ಟ್ ಒಡೆದುಹೋಗುತ್ತದೆ, ಸಂಖ್ಯೆ ಬರೆಯದವರ ಬಸ್ ಸ್ಟ್ಯಾಂಡ್ ಇರುವುದೇ ಇಲ್ಲ.

ದೊಡ್ಡ ಹಾಳೆಯಲ್ಲಿ ಈ ನಕ್ಷೆ ನಿಮ್ಮ ಕೈಯಾರೆ ಬರೆದು ಗೋಡೆಗೆ ಅಂಟಿಸಿ. ಅಂಗಡಿಯ ಚಾರ್ಟ್ ಬೇಡ. ಬರೆಯುವಾಗ ಎಲ್ಲಿ ಕೈ ತಡೆಯಿತೋ ಅಲ್ಲೇ ಓದು ಬಾಕಿ ಇದೆ ಅಂತ ಅರ್ಥ, ಕೊಂಡ ಚಾರ್ಟ್ ಅದನ್ನು ಹೇಳುವುದಿಲ್ಲ.

ಮೆಕ್ಯಾನಿಸಮ್ ಬರೆಯುವಾಗ ಬಾಗಿದ ಬಾಣದ ಬಾಲ ಎಲೆಕ್ಟ್ರಾನ್ ಇರುವಲ್ಲಿ, ತಲೆ ಅದು ಹೋಗುವಲ್ಲಿ. ಎಸ್‌ಎನ್2ಗೆ ಒಂದೇ ಹಂತ. ಎಸ್‌ಎನ್1ಗೆ ಎರಡು, ಅದನ್ನು ಕಲಿಯುವಾಗ ಹಂತಗಳ ಜತೆ "ನಿಧಾನ", "ವೇಗ" ಅನ್ನುವುದನ್ನೂ ಸೇರಿಸಿ ಕಲಿಯಿರಿ.

ಹಂತ 7: ಕನ್ನಡ ಮಾಧ್ಯಮದಿಂದ ಬಂದವರಿಗೆ

ಹತ್ತನೇ ತರಗತಿವರೆಗೆ "ಉತ್ಕರ್ಷಣ, ಅಪಕರ್ಷಣ" ಅಂದವರು ಪಿಯುಗೆ ಬಂದ ತಕ್ಷಣ "ಆಕ್ಸಿಡೇಷನ್, ರಿಡಕ್ಷನ್" ಕೇಳಿ ಮೊದಲ ಆರು ತಿಂಗಳು ಮಾತಿಲ್ಲದೆ ಕೂರುತ್ತಾರೆ. ನಾನೂ ಹಾಗೇ ಕೂತವನು. ತಿಳಿವಳಿಕೆಯನ್ನು ಕನ್ನಡದಲ್ಲೇ ಇಟ್ಟುಕೊಳ್ಳಿ, ಅದಕ್ಕೆ ನಾಚಿಕೆ ಬೇಡ. ಬರೆಯುವ ವಾಕ್ಯಗಳನ್ನು ಮಾತ್ರ ಪುಸ್ತಕದಲ್ಲಿರುವಂತೆ ಇಂಗ್ಲಿಷಿನಲ್ಲಿ ಕೈಗೆ ಅಭ್ಯಾಸ ಮಾಡಿಸಿ. ವ್ಯಾಖ್ಯೆಗಳು ಮೂವತ್ತೋ ನಲವತ್ತೋ ಇರಬಹುದು. ದಿನಕ್ಕೆ ಎರಡು, ಅಷ್ಟೇ.

ರೇಟ್ ಡಿಟರ್ಮಿನಿಂಗ್ ಸ್ಟೆಪ್ ಅನ್ನುವುದನ್ನು ನಾನು ಮದುವೆ ಊಟದಲ್ಲಿ ಹೇಳಿಕೊಡುತ್ತೇನೆ. ಬಡಿಸುವವರು ಹತ್ತು ಜನ ಇದ್ದಾರೆ, ಎಲೆ ಎತ್ತುವವರು ಚುರುಕು, ಕೈ ತೊಳೆಯಲು ಮಾತ್ರ ಒಂದೇ ನಲ್ಲಿ. ಮುಂದಿನ ಪಂಕ್ತಿ ಎಷ್ಟು ಹೊತ್ತಿಗೆ ಕೂರುತ್ತದೆ ಅನ್ನುವುದನ್ನು ನಿರ್ಧರಿಸುವುದು ಆ ನಲ್ಲಿ. ಇದು ತಲೆಗೆ ಹೋದ ಮೇಲೆ ಇಂಗ್ಲಿಷ್ ವಾಕ್ಯ ತಾನಾಗಿ ಕೂರುತ್ತದೆ.

ಹಂತ 8: ಪ್ರಾಕ್ಟಿಕಲ್‌ನ ಮೂವತ್ತು

ನಾನು ವಿದ್ಯಾರ್ಥಿಯಾಗಿದ್ದಾಗ ಪರ್ಮಾಂಗನೇಟ್ ಟೈಟ್ರೇಷನ್‌ನಲ್ಲಿ ಮೋರ್ ಸಾಲ್ಟ್ (ಫೆರಸ್ ಅಯಾನ್ ಇರುವ ಲವಣ) ಬಂತು. ಹಿಂದಿನ ವಾರ ಆಕ್ಸಾಲಿಕ್ ಆಸಿಡ್ ಮಾಡಿದ್ದ ಅಭ್ಯಾಸಬಲದಿಂದ ಫ್ಲಾಸ್ಕನ್ನು ಬರ್ನರ್ ಮೇಲಿಟ್ಟು ಕಾಯಿಸಿಬಿಟ್ಟೆ. ಬ್ಯೂರೆಟ್ ರೀಡಿಂಗ್ ಮೂರು ಸಲವೂ ಮೂರು ಥರ, ಎಲ್ಲವೂ ಕಮ್ಮಿ. ಕಾಯಿಸಿದರೆ ಫೆರಸ್ ಅಯಾನ್ ಗಾಳಿಯ ಆಕ್ಸಿಜನ್‌ಗೇ ಫೆರಿಕ್ ಆಗಿಬಿಡುತ್ತದೆ, ಪರ್ಮಾಂಗನೇಟ್‌ಗೆ ಕೆಲಸ ಉಳಿಯುವುದಿಲ್ಲ ಅಂತ ಗೊತ್ತಾದದ್ದು ವೈವಾದಲ್ಲಿ, ಬೈಸಿಕೊಂಡು. ಆಕ್ಸಾಲಿಕ್ ಆಸಿಡ್‌ನ ಕಥೆ ಬೇರೆ. ಅದು ತಣ್ಣಗಿದ್ದರೆ ರಿಯಾಕ್ಷನ್ ಕುಂಟುತ್ತದೆ, 60–70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು.

ವೈವಾದಲ್ಲಿ ಇದೇ ಕೇಳುತ್ತಾರೆ. ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಯಾಕೆ, ಹೈಡ್ರೊಕ್ಲೋರಿಕ್ ಯಾಕೆ ಬೇಡ (ಪರ್ಮಾಂಗನೇಟ್ ಅದನ್ನೇ ಆಕ್ಸಿಡೈಸ್ ಮಾಡಿ ಕ್ಲೋರಿನ್ ಬಿಡಿಸುತ್ತದೆ), ನೈಟ್ರಿಕ್ ಯಾಕೆ ಬೇಡ (ಅದೇ ಒಂದು ಆಕ್ಸಿಡೈಸರ್), ಇಂಡಿಕೇಟರ್ ಎಲ್ಲಿ (ಪರ್ಮಾಂಗನೇಟ್ ತಾನೇ), ಬ್ಯೂರೆಟ್‌ನಲ್ಲಿ ಮೇಲಿನ ಅಂಚು ಯಾಕೆ ಓದುತ್ತೀರಿ (ಗಾಢ ಬಣ್ಣದಲ್ಲಿ ಕೆಳಗಿನ ಬಾಗು ಕಾಣುವುದಿಲ್ಲ). ಸಾಲ್ಟ್ ಅನಾಲಿಸಿಸ್‌ನಲ್ಲಿ ಟೆಸ್ಟ್, ಅಬ್ಸರ್ವೇಷನ್, ಇನ್‌ಫರೆನ್ಸ್ ಮೂರೂ ಕಾಲಂ ತುಂಬಬೇಕು. ಸಾಲ್ಟ್ ಸರಿ ಹೇಳಿ ದಾರಿ ಬರೆಯದಿದ್ದರೆ ಊಹೆ ಅಂದುಕೊಳ್ಳುತ್ತಾರೆ. ರೆಕಾರ್ಡ್ ಪುಸ್ತಕ ಆಯಾ ವಾರವೇ ಮುಗಿಸಿ, ಜನವರಿಯಲ್ಲಿ ಗೆಳತಿಯದನ್ನು ರಾತ್ರಿಯಿಡೀ ನಕಲು ಮಾಡುವ ಹೊತ್ತಿಗೆ ಒಂದು ಅಧ್ಯಾಯ ಓದಬಹುದಿತ್ತು.

ಹಂತ 9: ಹಳೇ ಪೇಪರ್, ಕೆಂಪು ಪೆನ್ನು

ಕೊನೆಯ ಮೂರು ವಾರ ಹೊಸದು ಏನೂ ಓದಬೇಡಿ. ವಾರಕ್ಕೆ ಎರಡು ಪೇಪರ್, ಗಡಿಯಾರ ಇಟ್ಟು, ಮೂರು ಗಂಟೆ, ನಡುವೆ ಏಳದೆ. ಹಳೆಯ ವರ್ಷಗಳ ಪೇಪರಿನಲ್ಲಿ ಈಗ ಇಲ್ಲದ ಅಧ್ಯಾಯಗಳ ಪ್ರಶ್ನೆ ಹೊಡೆದುಹಾಕಿ.

ಬರೆದಾದ ಮೇಲೆ ಮಂಡಳಿ ಪ್ರಕಟಿಸುವ ಮಾದರಿ ಉತ್ತರ ಇಟ್ಟುಕೊಂಡು ನೀವೇ ಕೆಂಪು ಪೆನ್ನಿನಲ್ಲಿ ತಿದ್ದಿ. ಅದರಲ್ಲಿ ಯಾವ ಸಾಲಿಗೆ ಎಷ್ಟು ಅಂಕ ಅಂತ ಬಿಡಿಸಿ ಕೊಟ್ಟಿರುತ್ತಾರೆ. ಲೆಕ್ಕದಲ್ಲಿ ಸೂತ್ರಕ್ಕೆ ಬೇರೆ, ಬೆಲೆ ಹಾಕಿದ್ದಕ್ಕೆ ಬೇರೆ, ಯೂನಿಟ್ ಸಹಿತ ಉತ್ತರಕ್ಕೆ ಬೇರೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ಮುಂದೆ ಸೂತ್ರ ಬರೆಯದೆ ನೇರ ಸಂಖ್ಯೆ ಹಾಕುವುದಿಲ್ಲ. ಗೆಳೆಯರಿಬ್ಬರು ಪೇಪರ್ ಬದಲಿಸಿಕೊಂಡು ತಿದ್ದಿದರೆ ಇನ್ನೂ ಒಳ್ಳೆಯದು, ನಮ್ಮ ತಪ್ಪಿಗೆ ನಾವು ಕರುಣೆ ತೋರಿಸುತ್ತೇವೆ, ಗೆಳೆಯ ತೋರಿಸುವುದಿಲ್ಲ.

ಹಂತ 10: ಆ ದಿನ

ಹಿಂದಿನ ರಾತ್ರಿ ಬಾಣದ ಪುಸ್ತಕ ಒಂದು ಸುತ್ತು, ತಪ್ಪಿನ ಪುಸ್ತಕ ಒಂದು ಸುತ್ತು, ನಿದ್ದೆ. ಚೀಲಕ್ಕೆ ಪ್ರವೇಶಪತ್ರ, ಎರಡು ಪೆನ್ನು, ಪೆನ್ಸಿಲ್, ಸ್ಕೇಲ್, ಸಾದಾ ಕ್ಯಾಲ್ಕುಲೇಟರ್. ಲಾಗ್ ಟೇಬಲ್ ಕೇಂದ್ರದಲ್ಲಿ ಕೊಡುತ್ತಾರೋ ತರಬೇಕೋ ಅಂತ ಮೊದಲೇ ನಿಮ್ಮ ಕಾಲೇಜಿನಲ್ಲಿ ಕೇಳಿಟ್ಟುಕೊಳ್ಳಿ.

ಪೇಪರ್ ಕೈಗೆ ಬಂದ ಮೇಲೆ ಮೊದಲು ಆಯ್ಕೆಗಳನ್ನು ಗುರುತಿಸಿ. ಒಂದಂಕದ ಇಪ್ಪತ್ತನ್ನು ಅರ್ಧ ಗಂಟೆಯೊಳಗೆ ಮುಗಿಸಿ, ಸಿಕ್ಕದ್ದಕ್ಕೆ ಚುಕ್ಕಿ ಇಟ್ಟು ಮುಂದೆ ಹೋಗಿ. ಆಮೇಲೆ ನಾನಾದರೆ ಲೆಕ್ಕದ ಭಾಗ ಬರೆಯುತ್ತೇನೆ, ತಲೆ ತಣ್ಣಗಿರುವಾಗಲೇ. ಕೊನೆಗೆ ಇಟ್ಟುಕೊಂಡರೆ ಲಾಗ್ ಟೇಬಲ್‌ನ ಸಾಲು ಕಣ್ಣು ಕತ್ತಲೆಯಲ್ಲಿ ಒಂದು ಕೆಳಗೆ ಜಾರುತ್ತದೆ. ಐದಂಕದ್ದರಲ್ಲಿ ಉಪಪ್ರಶ್ನೆಗಳ ಕ್ರಮಸಂಖ್ಯೆ ಪೇಪರಿನಲ್ಲಿ ಇರುವಂತೆಯೇ ಹಾಕಿ.

ಕೊನೆಯ ಹತ್ತು ನಿಮಿಷಕ್ಕೆ ಹೊಸ ಉತ್ತರ ಶುರು ಮಾಡಬೇಡಿ. ಮೊದಲ ಪುಟದಿಂದ ತಿರುವುತ್ತ ಬನ್ನಿ, ಉತ್ತರ ಓದುವುದು ಬೇಡ, ಬಾಣಗಳ ಮೇಲೆ ಮತ್ತು ಸಂಖ್ಯೆಗಳ ಮುಂದೆ ಮಾತ್ರ ಕಣ್ಣು ಹಾಯಿಸಿ. ಖಾಲಿ ಬಾಣ ಕಂಡಲ್ಲಿ ಕ್ಯಾಟಲಿಸ್ಟ್, ಒಂಟಿ ಸಂಖ್ಯೆ ಕಂಡಲ್ಲಿ ಯೂನಿಟ್. ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ನಿಂತು ಉತ್ತರ ತಾಳೆ ನೋಡುವ ಗುಂಪಿಗೆ ಸೇರದೆ ಬಸ್ ಹತ್ತಿ, ಮುಂದಿನ ಪೇಪರಿಗೆ ದಿನ ಹೆಚ್ಚಿಲ್ಲ.